ಕಡಲಾಳದ ಯಾತ್ರಿಕ ವಿಲಿಯಂ ಬೀಬಿ

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71ರಷ್ಟು ಭಾಗವನ್ನು ಸಮುದ್ರವು ಆವರಿಸಿಕೊಂಡಿದೆ. ಅನಾದಿ ಕಾಲದಿಂದಲೂ ಮಾನವನು ಆ ಸಮುದ್ರದ ಮೇಲೆ ಹಡಗು ನಡೆಸಿದ್ದಾನೆ, ಅದರ ಮೀನನ್ನು ತಿಂದು ಬದುಕಿದ್ದಾನೆ, ಅದನ್ನು ರತ್ನಾಕರವೆಂದು ಕರೆದು ಕೈಮುಗಿದಿದ್ದಾನೆ. ಆದರೆ ಅದರ ಒಡಲಿನಲ್ಲಿ ಏನಿದೆ ಎಂಬುದನ್ನು ಕಣ್ಣಾರೆ ಕಂಡವರು ಬಹುಕಾಲದವರೆಗೆ ತೀರ ವಿರಳವಾಗಿದ್ದರು. ಮನ್ನಾರ್ ಕೊಲ್ಲಿಯಲ್ಲಿ ಮುತ್ತು ಹೆಕ್ಕುತ್ತಿದ್ದವರು ಕಲ್ಲಿನ ಭಾರದಿಂದ ತಳಕ್ಕಿಳಿದು, ಒಂದು ಉಸಿರನ್ನು ಹಿಡಿದಿರುವಷ್ಟು ಹೊತ್ತು ಅಲ್ಲಿದ್ದು, ಕೈಗೆ ಸಿಕ್ಕಿದ ಚಿಪ್ಪುಗಳನ್ನು ಬಾಚಿಕೊಂಡು ಮೇಲೇಳುತ್ತಿದ್ದರು. ಸುತ್ತಲೂ ಕಣ್ಣಾಡಿಸಿ ಬೆರಗಾಗಲು ಅವರಿಗೆ ಬಿಡುವೆಲ್ಲಿ? ವಿಜ್ಞಾನಿಗಳಾದರೋ ಹಡಗಿನ ಮೇಲೆ ನಿಂತು ಬಲೆಗಳನ್ನು ಇಳಿಬಿಡುತ್ತಿದ್ದರು. ಅದರಲ್ಲಿ ಸಿಕ್ಕಿ ಮೇಲೆ ಬರುವಷ್ಟರಲ್ಲಿ ಸತ್ತು ಬಣ್ಣಗೆಟ್ಟ ಜೀವಿಗಳನ್ನು ಮದ್ಯಸಾರದ ಸೀಸೆಗಳಲ್ಲಿ ತುಂಬಿಟ್ಟು ಅಭ್ಯಾಸ ಮಾಡುತ್ತಿದ್ದರು. ಮೋಡಗಳ ಮೇಲಿಂದ ಗಾಳ ಇಳಿಬಿಟ್ಟು, ಒಂದು ಊರಿನಿಂದ ಒಂದು ಕೊಡೆಯನ್ನೂ ಒಂಟಿ ಚಪ್ಪಲಿಯನ್ನೂ ಮೇಲಕ್ಕೆಳೆದುಕೊಂಡು, ಅವುಗಳಿಂದ ಆ ಊರಿನ ಜನಜೀವನವನ್ನು ವರ್ಣಿಸಲು ಹೊರಟಂತಿತ್ತು ಅವರ ಪ್ರಯತ್ನ.

ಈ ರೀತಿಯ ಅಭ್ಯಾಸದಿಂದ ತೃಪ್ತನಾಗದೆ, ತಾನೇ ನೀರಿನೊಳಗೆ ಇಳಿದು ನೋಡಬೇಕೆಂದು ಹಟ ತೊಟ್ಟವನು ಅಮೆರಿಕದ ಪ್ರಾಣಿಶಾಸ್ತ್ರಜ್ಞ ವಿಲಿಯಂ ಬೀಬಿ.

ಬೀಬಿಯು 1877ನೆಯ ಇಸವಿ ಜುಲೈ 29ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದನು. ಬೆಳೆದದ್ದು ನೆರೆಯ ನ್ಯೂಜೆರ್ಸಿ ಪ್ರಾಂತದ ಈಸ್ಟ್ ಆರೆಂಜ್ ಎಂಬ ಊರಿನಲ್ಲಿ. ಬಾಲ್ಯದಿಂದಲೇ ಅವನಿಗೆ ಹಕ್ಕಿಗಳ ಹುಚ್ಚು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗಕ್ಕೆ ಸೇರಿದನಾದರೂ ಪದವಿಯನ್ನು ಪಡೆಯುವವರೆಗೆ ಅಲ್ಲಿ ನಿಲ್ಲಲಿಲ್ಲ. ನ್ಯೂಯಾರ್ಕಿನಲ್ಲಿ ಹೊಸದಾಗಿ ಆರಂಭವಾಗುತ್ತಿದ್ದ ಪ್ರಾಣಿ ಸಂಗ್ರಹಾಲಯದಲ್ಲಿ ಪಕ್ಷಿಗಳ ಮೇಲ್ವಿಚಾರಣೆಯ ಕೆಲಸ 1899ರಲ್ಲಿ ದೊರೆತಾಗ, ಪುಸ್ತಕದ ಹಕ್ಕಿಗಳನ್ನು ಬಿಟ್ಟು ಜೀವಂತ ಹಕ್ಕಿಗಳ ಬಳಿಗೆ ಬಂದುಬಿಟ್ಟನು. ಮುಂದೆ ವಿಶ್ವವಿದ್ಯಾಲಯಗಳು ಅವನಿಗೆ ಗೌರವ ಪದವಿಗಳನ್ನು ನೀಡಿದವು. ಆದರೂ ಪದವಿಯಿಲ್ಲದವನೆಂಬ ಮಾತು ಅವನ ಬೆನ್ನು ಬಿಡಲಿಲ್ಲ. ಅವನ ಬರಹಗಳನ್ನು ಜನಸಾಮಾನ್ಯರು ಮುಗಿಬಿದ್ದು ಓದುತ್ತಿದ್ದುದೂ ಕೆಲವು ಪಂಡಿತರ ಕಣ್ಣಿಗೆ ಒಂದು ದೋಷವಾಗಿಯೇ ಕಂಡಿತು.

ಹಕ್ಕಿಗಳೇ ಅವನನ್ನು ನಮ್ಮ ದೇಶಕ್ಕೂ ಕರೆತಂದವು. ನವಿಲು, ಕಾಡುಕೋಳಿಗಳ ಬಳಗಕ್ಕೆ ಸೇರಿದ ಫೆಸೆಂಟ್ ಹಕ್ಕಿಗಳನ್ನು ಅವುಗಳ ನೆಲೆಯಲ್ಲಿಯೇ ಕಂಡು ಬರೆಯಬೇಕೆಂದು ಅವನು 1909ರ ಡಿಸೆಂಬರಿನಲ್ಲಿ ಪತ್ನಿಯೊಡನೆ ಏಷ್ಯಾ ಖಂಡದ ಪ್ರವಾಸಕ್ಕೆ ಹೊರಟನು. ಸಿಂಹಳ, ಹಿಮಾಲಯದ ಕಾಡುಗಳು, ಬರ್ಮಾ, ಮಲಯ, ಚೀನಾ ಎಂದು ಒಂದೂವರೆ ವರ್ಷದಷ್ಟು ಕಾಲ ಅಲೆದನು. ಆ ಅಲೆದಾಟದ ಫಲವಾಗಿ ಹೊರಬಂದ ನಾಲ್ಕು ಬೃಹತ್ ಸಂಪುಟಗಳು ಪಕ್ಷಿಶಾಸ್ತ್ರದಲ್ಲಿ ಇಂದಿಗೂ ಮಾನ್ಯವಾಗಿವೆ. ಅನಂತರ 1916ರಲ್ಲಿ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ ಕಾಡಿನ ನಡುವೆಯೇ ಒಂದು ಸಂಶೋಧನಾಲಯವನ್ನು ತೆರೆದನು. ಲೋಕವನ್ನೆಲ್ಲ ಸುತ್ತಿದ್ದ ಇವನು ಅಲ್ಲಿ ಮಾಡಿದ ಕೆಲಸ ವಿಚಿತ್ರವಾದುದು. ಕಾಲು ಚದರ ಮೈಲಿಯಷ್ಟು ಕಾಡನ್ನು ಮಾತ್ರ ಆರಿಸಿಕೊಂಡು, ಅದರೊಳಗಿನ ಇರುವೆಯಿಂದ ಹಿಡಿದು ಮರದ ತುದಿಯ ಹಕ್ಕಿಯವರೆಗೆ ಯಾವ ಜೀವಿ ಯಾವುದನ್ನು ಆಶ್ರಯಿಸಿ ಬದುಕುತ್ತದೆ ಎಂಬುದನ್ನು ವರ್ಷಗಟ್ಟಲೆ ಪರಿಶೀಲಿಸಿದನು. ಒಂದು ಜೀವಿಯನ್ನು ಅದರ ಪರಿಸರದಿಂದ ಕಿತ್ತು ಮೇಜಿನ ಮೇಲಿಟ್ಟು ನೋಡಿದರೆ ಅರ್ಧ ಸತ್ಯವಷ್ಟೇ ಸಿಗುವುದೆಂಬ ಅವನ ನಂಬಿಕೆ ಇಲ್ಲಿ ಗಟ್ಟಿಯಾಯಿತು. ಕಡಲಿನೊಳಕ್ಕೆ ಅವನನ್ನು ಇಳಿಸಿದ್ದೂ ಇದೇ ನಂಬಿಕೆಯೇ.

1925ರಲ್ಲಿ ಹ್ಯಾರಿಸನ್ ವಿಲಿಯಮ್ಸ್ ಎಂಬ ಧನಿಕನ ನೆರವಿನಿಂದ 'ಆರ್ಕ್ಟುರಸ್' ಎಂಬ ಉಗಿಹಡಗು ಸಜ್ಜಾಗಿ ನ್ಯೂಯಾರ್ಕಿನಿಂದ ಹೊರಟಿತು. ಬೀಬಿಯು ಅದರ ನಾಯಕ. ಅಟ್ಲಾಂಟಿಕ್ ಸಾಗರದ ನಡುವೆ ಕಡಲಪಾಚಿಯ ದಟ್ಟ ತೆಪ್ಪಗಳು ತೇಲುವ ಸಾರ್ಗಾಸೊ ಸಮುದ್ರವನ್ನು ಶೋಧಿಸುವುದು ಅವರ ಮೊದಲ ಗುರಿಯಾಗಿತ್ತು. ಆದರೆ ಬಿರುಗಾಳಿಗೆ ಪಾಚಿಯೆಲ್ಲ ಚದರಿಹೋಗಿದ್ದುದರಿಂದ ಆ ಗುರಿ ಫಲಿಸಲಿಲ್ಲ. ಹಡಗು ಪನಾಮಾ ಕಾಲುವೆಯನ್ನು ದಾಟಿ ಶಾಂತಸಾಗರವನ್ನು ಸೇರಿ, ಭೂಮಧ್ಯರೇಖೆಯ ಮೇಲಿರುವ ಗ್ಯಾಲಪಗೋಸ್ ದ್ವೀಪಸ್ತೋಮದತ್ತ ಸಾಗಿತು. ತೊಂಬತ್ತು ವರ್ಷಗಳ ಹಿಂದೆ, 1835ರಲ್ಲಿ, ಚಾರ್ಲ್ಸ್ ಡಾರ್ವಿನ್ ಕಾಲಿಟ್ಟಿದ್ದ ದ್ವೀಪಗಳು ಅವು. ಡಾರ್ವಿನ್ ಕಂಡದ್ದು ಅವುಗಳ ನೆಲವನ್ನು. ಬೀಬಿಯು ಕಾಣಬಯಸಿದ್ದು ಅವುಗಳ ಬುಡವನ್ನು.

ಅವನಿಗಾಗ 47 ವರ್ಷ ವಯಸ್ಸು. ಆ ವಯಸ್ಸಿನಲ್ಲಿ, ಉಷ್ಣವಲಯದ ಕಡಲಿನಲ್ಲಿ, ಜೀವಮಾನದಲ್ಲಿ ಮೊದಲ ಬಾರಿಗೆ ನೀರಿನ ತಳಕ್ಕೆ ಇಳಿಯಲು ಅವನು ಸಿದ್ಧನಾದನು. ಇಂದು ಉಷ್ಣವಲಯದ ಕಡಲತೀರಗಳಿಗೆ ಹೋದವರು ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರನ್ನು ಕಟ್ಟಿಕೊಂಡು, ಕಾಲಿಗೆ ರೆಕ್ಕೆ ತೊಟ್ಟು, ಮೀನಿನಂತೆ ನೀರಿನಲ್ಲಿ ಸಂಚರಿಸುತ್ತಾರೆ. ಸ್ಕೂಬಾ ಎಂದು ಹೆಸರಾದ ಈ ಸಾಧನಕ್ಕೆ ದಾರಿಮಾಡಿಕೊಟ್ಟ ಉಸಿರಾಟದ ಉಪಕರಣವನ್ನು ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬವರು ರೂಪಿಸಿ ಪರೀಕ್ಷಿಸಿದ್ದು 1943ರಲ್ಲಿ. ಬೀಬಿಯ ಕಾಲಕ್ಕೆ ಅದು ಇರಲಿಲ್ಲ. ಅವನ ಬಳಿಯಿದ್ದುದು ತಾಮ್ರದ ಒಂದು ಶಿರಸ್ತ್ರಾಣ, ಒಂದು ರಬ್ಬರ್ ಕೊಳವೆ ಮತ್ತು ದೋಣಿಯಲ್ಲಿ ಕುಳಿತು ಕೈಯಿಂದ ಒತ್ತುವ ಒಂದು ಗಾಳಿಯ ಪಂಪು, ಇಷ್ಟೇ.

ಈ ಶಿರಸ್ತ್ರಾಣದ ತತ್ತ್ವವನ್ನು ತಿಳಿಯಲು ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಬರಿದಾದ ತಂಬಿಗೆಯೊಂದನ್ನು ಬೋರಲು ಮಾಡಿ ಬಕೆಟ್ಟಿನ ನೀರಿನೊಳಗೆ ನೇರವಾಗಿ ಒತ್ತಿದರೆ ತಂಬಿಗೆಯ ತುಂಬ ನೀರು ನುಗ್ಗುವುದಿಲ್ಲ. ಒಳಗಿನ ಗಾಳಿ ಅದನ್ನು ತಡೆಯುತ್ತದೆ. ಬೀಬಿಯ ಶಿರಸ್ತ್ರಾಣವೂ ಬೋರಲು ತಂಬಿಗೆಯೇ. ಅದರ ಮುಂಭಾಗದಲ್ಲಿ ಗಾಜಿನ ಕಿಟಕಿಗಳಿದ್ದವು. ಕೆಳಭಾಗ ತೆರೆದಿತ್ತು. ಭುಜದ ಮೇಲೆ ಅದನ್ನು ಕೂರಿಸಿಕೊಂಡವನ ಗಲ್ಲದವರೆಗೆ ಮಾತ್ರ ನೀರು ಬರುತ್ತಿತ್ತು. ಮೇಲಿನಿಂದ ಪಂಪು ಒತ್ತಿದಂತೆಲ್ಲ ಹೊಸ ಗಾಳಿ ತುಂಬಿಕೊಂಡು, ಹಳೆಯ ಗಾಳಿ ಕೆಳಗಿನ ಅಂಚಿನಿಂದ ಗುಳ್ಳೆಗಳಾಗಿ ಹೊರಬೀಳುತ್ತಿತ್ತು. ನೀರಿನಲ್ಲಿ ತೇಲಿಹೋಗದಂತೆ ಅದಕ್ಕೆ ಸೀಸದ ತೂಕಗಳನ್ನು ಬಿಗಿದಿದ್ದರು. ಒಟ್ಟು ಭಾರ ಸುಮಾರು 60 ಪೌಂಡು, ಎಂದರೆ 27 ಕಿಲೋಗ್ರಾಂ. ದೋಣಿಯ ಮೇಲೆ ಅದನ್ನು ಹೊತ್ತುಕೊಂಡವನಿಗೆ ಕುತ್ತಿಗೆ ಮುರಿದಂತಾಗುತ್ತಿತ್ತು. ನೀರಿಗಿಳಿದ ಮರುಕ್ಷಣವೇ ಅದು ಟೋಪಿಯಷ್ಟು ಹಗುರ.

ಅಪಾಯಗಳಿರಲಿಲ್ಲವೆಂದಲ್ಲ. ಬಿದ್ದ ವಸ್ತುವನ್ನು ಎತ್ತಿಕೊಳ್ಳಲೆಂದು ಅತಿಯಾಗಿ ಬಾಗಿದರೆ ತಂಬಿಗೆ ಓರೆಯಾಗಿ ಗಾಳಿ ಹೊರಟುಹೋಗಿ ಮುಖಕ್ಕೆ ನೀರು ನುಗ್ಗುತ್ತಿತ್ತು. ಹವಳದ ಚೂಪಾದ ಅಂಚಿಗೆ ಕೊಳವೆ ಸಿಕ್ಕಿಕೊಳ್ಳಬಹುದಾಗಿತ್ತು. ದೋಣಿಯಲ್ಲಿ ಪಂಪು ಒತ್ತುವವನು ಮೈಮರೆತರಂತೂ ಹೇಳುವುದೇ ಬೇಡ. ವಿಪತ್ತು ಬಂದರೆ ಶಿರಸ್ತ್ರಾಣವನ್ನು ಕಳಚಿಟ್ಟು ಮೇಲಕ್ಕೆ ಈಜಿಬಿಡುವುದೇ ಉಪಾಯವೆಂದು ಆಗ ಎಣಿಸಿದ್ದರು. ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಆಳದಲ್ಲಿ ಒತ್ತಡಕ್ಕೊಳಗಾದ ಗಾಳಿ ಮೇಲೇರುತ್ತ ಹಿಗ್ಗುತ್ತದೆ; ಆಗ ಉಸಿರನ್ನು ಬಿಗಿಹಿಡಿದರೆ ಶ್ವಾಸಕೋಶವೇ ಹರಿಯಬಹುದು. ಇಂದು ಹೊಸದಾಗಿ ಮುಳುಗಲು ಕಲಿಯುವವರಿಗೆ ಉಸಿರನ್ನು ಎಂದಿಗೂ ಹಿಡಿಯಬಾರದೆಂಬುದನ್ನೇ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ.

ಈಜುವ ಉಡುಪನ್ನೂ ರಬ್ಬರ್ ಅಡಿಯ ಬೂಟುಗಳನ್ನೂ ತೊಟ್ಟು ಬೀಬಿಯು ದೋಣಿಯ ಪಕ್ಕದ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದನು. ನೀರು ಭುಜದ ಮಟ್ಟಕ್ಕೆ ಬಂದಾಗ ಮೇಲಿದ್ದವರು ಶಿರಸ್ತ್ರಾಣವನ್ನು ತಲೆಯ ಮೇಲಿಟ್ಟರು. ಇನ್ನು ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಪರಿಚಿತ ಲೋಕದ ಸದ್ದುಗಳೆಲ್ಲ ಅಡಗಿ, ಪಂಪಿನ ಬಡಿತವೂ ಗುಳ್ಳೆಗಳ ಗುಳುಗುಳು ಸದ್ದೂ ಮಾತ್ರ ಉಳಿದವು. ಕಿವಿಯಲ್ಲಿ ನೋವು ಹುಟ್ಟುವುದು ಇಲ್ಲಿಯೇ. ನೀರಿನ ಒತ್ತಡ ಪ್ರತಿ 33 ಅಡಿಗೆ ಒಂದು ವಾಯುಮಂಡಲದಷ್ಟು ಏರುತ್ತದೆ. ಕಿವಿಯ ತಮಟೆಯ ಹೊರಗಿನ ಒತ್ತಡ ಹೆಚ್ಚಿ ಒಳಗಿನದು ಹಾಗೆಯೇ ಉಳಿದರೆ ಚುಚ್ಚಿದಂತಾಗುತ್ತದೆ. ಎಂಜಲನ್ನು ನುಂಗಿದರೆ ಗಂಟಲಿನ ಮಾರ್ಗವಾಗಿ ಗಾಳಿ ಕಿವಿಯೊಳಕ್ಕೆ ಸೇರಿ ನೋವು ಇಳಿಯುತ್ತದೆ. ಮೆಟ್ಟಿಲಿಗೊಮ್ಮೆ ನಿಂತು ನುಂಗುತ್ತ ಅವನು ತಳವನ್ನು ಮುಟ್ಟಿದನು.

ತಳದಲ್ಲಿ ಕಂಡ ನೋಟ ಅವನ ಉಳಿದ ಬಾಳಿನ ದಿಕ್ಕನ್ನೇ ಬದಲಾಯಿಸಿತು. ಬಲೆಯಲ್ಲಿ ಸತ್ತು ಬಂದ ಮೀನುಗಳನ್ನು ಅವನು ಸಾವಿರಗಟ್ಟಲೆ ಕಂಡಿದ್ದನು. ಇಲ್ಲಿ ಅವೇ ಮೀನುಗಳು ಬಂಡೆಗಳ ಸಂದಿಯಲ್ಲಿ ಮೇಯುತ್ತಿದ್ದವು, ಒಂದನ್ನೊಂದು ಅಟ್ಟುತ್ತಿದ್ದವು, ನೆರೆಯವರನ್ನು ನೋಡಲು ಬಂದಂತೆ ಬಂದು ಅವನ ಗಾಜಿನ ಕಿಟಕಿಯಲ್ಲಿ ಇಣುಕುತ್ತಿದ್ದವು. ಅವನ ಶಿರಸ್ತ್ರಾಣದಿಂದ ಎದ್ದ ಗುಳ್ಳೆಗಳು ಬೆಳ್ಳಿಯ ತಟ್ಟೆಗಳಂತೆ ಮೇಲೇರುತ್ತಿದ್ದವು. ತಲೆಯ ಮೇಲೆ ದೋಣಿಯ ಅಡಿಭಾಗ, ಅದರಾಚೆಗೆ ಅಲೆಗಳಿಂದ ಮುದುಡಿದ ಸೂರ್ಯ. ಶಾರ್ಕ್ ಮೀನುಗಳ ವಿಷಯದಲ್ಲಿ ಎಲ್ಲರಂತೆ ಅವನಿಗೂ ಭಯವಿತ್ತು. ನೀರಿನಲ್ಲಿ ಮನುಷ್ಯನ ವಾಸನೆ ಸಿಕ್ಕಿದೊಡನೆ ಅವು ಮೇಲೆರಗುವುವೆಂದು ನಾವಿಕರೆಲ್ಲ ಹೇಳುತ್ತಿದ್ದರು. ದ್ವೀಪಗಳ ಬಳಿ ಅವನು ಮತ್ತೆ ಮತ್ತೆ ಇಳಿದಾಗ ಶಾರ್ಕುಗಳು ಬಂದವು, ಅವನನ್ನು ಸುತ್ತುಹಾಕಿದವು, ತಮ್ಮ ಪಾಡಿಗೆ ತಾವು ಹೊರಟುಹೋದವು. ತನ್ನ ಕಣ್ಣಿಗೆ ಕಂಡುದನ್ನೇ ನಂಬುವ ಸ್ವಭಾವದ ಬೀಬಿಯು ಆ ಕಥೆಗಳಲ್ಲಿ ಬಹುಪಾಲು ಉತ್ಪ್ರೇಕ್ಷೆಯೆಂದು ಬರೆದನು. ಶಾರ್ಕುಗಳಲ್ಲಿ ಅಪಾಯಕಾರಿಯಾದ ಜಾತಿಗಳೂ ಇವೆಯಾದುದರಿಂದ ಅವನ ಧೈರ್ಯವನ್ನು ಎಲ್ಲರೂ ಅನುಕರಿಸಬೇಕಾಗಿಲ್ಲ. ಆದರೆ ಅವನ ಕಣ್ಣುಗಳ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಎರಡು ವರ್ಷಗಳ ತರುವಾಯ, 1927ರಲ್ಲಿ, ಅವನು ವೆಸ್ಟ್ ಇಂಡೀಸಿನ ಹೈಟಿ ದ್ವೀಪಕ್ಕೆ ತೆರಳಿ ಅಲ್ಲಿಯ ಹವಳದ ದಿಬ್ಬಗಳ ನಡುವೆ ತಿಂಗಳುಗಟ್ಟಲೆ ಇದೇ ಬಗೆಯಲ್ಲಿ ಸಂಚರಿಸಿದನು. ನೀರಿನಡಿಯಲ್ಲಿ ಕಾಗದ ನಿಲ್ಲುವುದಿಲ್ಲವಾದುದರಿಂದ ಸತುವಿನ ತಗಡಿನ ಮೇಲೆ ಸೀಸದಕಡ್ಡಿಯಿಂದ ಟಿಪ್ಪಣಿ ಬರೆದುಕೊಳ್ಳುತ್ತಿದ್ದನು. ಆ ಅನುಭವವನ್ನು ಕುರಿತು 1928ರಲ್ಲಿ ಪ್ರಕಟವಾದ ಅವನ ಪುಸ್ತಕವು ಸಾವಿರಾರು ಓದುಗರನ್ನು ತಲುಪಿತು. ಹೇಗಾದರೂ ಮಾಡಿ ಒಂದು ಶಿರಸ್ತ್ರಾಣವನ್ನು ಸಂಪಾದಿಸಿಕೊಂಡು, ಬದುಕಿನಲ್ಲಿ ಒಮ್ಮೆಯಾದರೂ ಈ ಲೋಕವನ್ನು ನೋಡಿಬನ್ನಿರೆಂದು ಅವನು ಓದುಗರನ್ನು ಅದರಲ್ಲಿ ಒತ್ತಾಯಿಸಿದನು. ಗುಟ್ಟಾಗಿಟ್ಟುಕೊಂಡು ಹೆಸರು ಗಳಿಸಬಹುದಾಗಿದ್ದುದನ್ನು ಎಲ್ಲರಿಗೂ ಹಂಚಬೇಕೆಂಬ ಈ ಗುಣ ಅವನಲ್ಲಿ ಕೊನೆಯವರೆಗೂ ಉಳಿಯಿತು.

ಆದರೆ ಶಿರಸ್ತ್ರಾಣಕ್ಕೆ ಒಂದು ಮಿತಿಯಿತ್ತು. 60 ಅಡಿಗಳ ಆಸುಪಾಸಿನಲ್ಲಿ ನಿಲ್ಲಬೇಕಾಗುತ್ತಿತ್ತು. ಹವಳದ ದಿಬ್ಬದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಇಳಿಜಾರು ನೀಲಿಯಾಗಿ, ಕಡುನೀಲಿಯಾಗಿ, ಕಪ್ಪಾಗಿ ಕಣ್ಮರೆಯಾಗುತ್ತಿತ್ತು. ಅಲ್ಲಿಗೆ ಹೋಗಬೇಕೆಂಬ ಆಸೆ ಅವನನ್ನು ಕಾಡತೊಡಗಿತು. ಅವನ ಆಸೆಯ ಸುದ್ದಿ ಪತ್ರಿಕೆಗಳಲ್ಲಿ ಬಂದುದೇ ತಡ, ನಾನಾ ಬಗೆಯ ಯಂತ್ರಗಳ ನಕ್ಷೆಗಳನ್ನು ಹಿಡಿದು ಜನರು ಮುತ್ತಿಕೊಂಡರು. ಅವುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು. ಓಟಿಸ್ ಬಾರ್ಟನ್ ಎಂಬ ತರುಣನು ಕಳಿಸಿದ ಯೋಜನೆ ಮಾತ್ರ ಅತಿ ಸರಳವಾಗಿತ್ತು: ಉಕ್ಕಿನ ಒಂದು ಗೋಳ. ಸುತ್ತಲಿನ ಒತ್ತಡವನ್ನು ಎಲ್ಲ ಕಡೆಗೂ ಸಮನಾಗಿ ಹಂಚಿಕೊಳ್ಳುವ ಆಕಾರ ಗೋಳವೊಂದೇ. ಬಾರ್ಟನ್ ತನ್ನ ಹಣದಿಂದಲೇ ಅದನ್ನು ಎರಕ ಹೊಯ್ಯಿಸಿದನು. ಮೊದಲ ಎರಕ 5 ಟನ್ ತೂಗಿತು. ಹಡಗಿನ ಯಂತ್ರಗಳು ಎತ್ತಲಾರದಷ್ಟು ಭಾರವಾದುದರಿಂದ ಅದನ್ನು ಕರಗಿಸಿ ಅದರ ಅರ್ಧದಷ್ಟು ತೂಕದ ಇನ್ನೊಂದನ್ನು ಮಾಡಬೇಕಾಯಿತು. ಆಳ ಎಂಬ ಅರ್ಥದ ಗ್ರೀಕ್ ಪದದಿಂದ ಬೀಬಿಯು ಅದಕ್ಕೆ ಬ್ಯಾತಿಸ್ಫಿಯರ್ ಎಂದು ಹೆಸರಿಟ್ಟನು.

ಆ ಗೋಳದ ವ್ಯಾಸ 4 ಅಡಿ 9 ಅಂಗುಲ. ಅದರ ಗೋಡೆ ಸುಮಾರು ಒಂದೂವರೆ ಅಂಗುಲ ದಪ್ಪ. ಸಾಮಾನ್ಯ ಗಾಜು ತಡೆಯಲಾರದೆಂದು ಕರಗಿಸಿದ ಸ್ಫಟಿಕದಿಂದ 3 ಅಂಗುಲ ದಪ್ಪದ ಕಿಟಕಿಗಳನ್ನು ಕೂರಿಸಿದ್ದರು. ಒಳಗೆ ಹೋಗಲು ಇದ್ದ ಬಾಯಿ 14 ಅಂಗುಲ ಅಗಲ ಮಾತ್ರ. ಇಬ್ಬರೂ ಬೋಲ್ಟುಗಳ ಮೇಲೆ ಮೈ ಉಜ್ಜಿಕೊಂಡು ತೆವಳುತ್ತ ಒಳಸೇರಿ ಕಾಲು ಮಡಚಿ ಕೂರಬೇಕಾಗಿತ್ತು. ಅನಂತರ 400 ಪೌಂಡಿನ ಬಾಗಿಲನ್ನು ಹೊರಗಿನಿಂದ ಬಿಗಿಯುತ್ತಿದ್ದರು. ಒಳಗಿದ್ದವರು ತಾವಾಗಿಯೇ ಅದನ್ನು ತೆರೆಯುವ ಮಾರ್ಗವೇ ಇರಲಿಲ್ಲ. ಉಸಿರಿಗೆ ಆಮ್ಲಜನಕದ ಸಿಲಿಂಡರುಗಳು, ಹೊರಬಿಟ್ಟ ಕೆಟ್ಟ ಗಾಳಿಯನ್ನೂ ತೇವವನ್ನೂ ಹೀರಿಕೊಳ್ಳಲು ತಟ್ಟೆಗಳಲ್ಲಿ ಹರಡಿದ ರಾಸಾಯನಿಕಗಳು, ಗಾಳಿಯಾಡಿಸಲು ತಾಳೆಗರಿಯ ಬೀಸಣಿಗೆ. ಇಪ್ಪತ್ತನೆಯ ಶತಮಾನದ ಆ ಅದ್ಭುತ ಯಂತ್ರದೊಳಗೆ ನಮ್ಮ ಅಜ್ಜಿಯರ ಕೈಯ ಬೀಸಣಿಗೆ ಇದ್ದುದನ್ನು ನೆನೆದರೆ ನಗು ಬರುತ್ತದೆ. ಮೇಲಿನ ಲೋಕದೊಡನೆ ಅವರಿಗಿದ್ದ ಸಂಬಂಧ ಎರಡೇ: ಒಂದು ಉಕ್ಕಿನ ಹಗ್ಗ, ಒಂದು ದೂರವಾಣಿಯ ತಂತಿ. ಆ ತಂತಿಯ ಇನ್ನೊಂದು ತುದಿಯಲ್ಲಿ, ಹಡಗಿನ ಮೇಲೆ, ಗ್ಲೋರಿಯಾ ಹಾಲಿಸ್ಟರ್ ಎಂಬ ವಿಜ್ಞಾನಿ ಕುಳಿತು ಅವನಾಡಿದ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಸ್ತ್ರೀಯರನ್ನು ಇಂತಹ ಸಾಹಸಗಳಿಗೆ ಸೇರಿಸಿಕೊಳ್ಳುವುದು ಅಂದಿನ ಹಲವರಿಗೆ ಹಿಡಿಸದಿದ್ದರೂ ಬೀಬಿಯು ಯೋಗ್ಯತೆಯೊಂದನ್ನೇ ನೋಡುತ್ತಿದ್ದನು.

ಬರ್ಮುಡಾ ದ್ವೀಪದ ಬಳಿ 1930ರ ಜೂನ್ 6ರಂದು ಗೋಳವು ಇಬ್ಬರನ್ನೂ ಹೊತ್ತು ಮೊದಲ ಬಾರಿಗೆ ಕಡಲಿನ ಆಳಕ್ಕಿಳಿಯಿತು. 300 ಅಡಿ ಇಳಿದಿದ್ದಾಗ ಬಾಗಿಲಿನ ಅಂಚಿನಿಂದ ನೀರು ಜಿನುಗುತ್ತಿರುವುದು ಬಾರ್ಟನ್ನನ ಕಣ್ಣಿಗೆ ಬಿತ್ತು. ಆ ಹೊತ್ತಿನಲ್ಲಿ ಯಾರಾದರೂ ಮೇಲಕ್ಕೆಳೆಯಿರೆಂದು ಕೂಗಿಕೊಂಡಿದ್ದರೆ ಆಶ್ಚರ್ಯವಿಲ್ಲ. ಬೀಬಿಯು ಕ್ಷಣಕಾಲ ಯೋಚಿಸಿ, ಇನ್ನಷ್ಟು ಬೇಗ ಕೆಳಗಿಳಿಸಿರೆಂದು ಅಪ್ಪಣೆ ಮಾಡಿದನು. ಆಳ ಹೆಚ್ಚಿದಂತೆ ಹೊರಗಿನ ಒತ್ತಡವೇ ಬಾಗಿಲನ್ನು ಬಿಗಿಯಾಗಿ ಒತ್ತಿ ಹಿಡಿಯುವುದೆಂದು ಅವನ ತರ್ಕ. ಹಾಗೆಯೇ ಆಯಿತು, ಜಿನುಗು ಹೆಚ್ಚಲಿಲ್ಲ. ಜೀವಂತ ಮನುಷ್ಯನು ಅದುವರೆಗೆ ತಲುಪಿದ್ದ ಆಳ ಸುಮಾರು 525 ಅಡಿ. ಅದನ್ನು ದಾಟಿ 803 ಅಡಿಗೆ ಬಂದಾಗ, ಯಾವ ಕಾರಣವೂ ಸ್ಪಷ್ಟವಾಗಿಲ್ಲದಿದ್ದರೂ, ಇಂದಿಗೆ ಸಾಕೆಂದು ಅವನ ಒಳಮನಸ್ಸು ನುಡಿಯಿತು. ಅವನು ಅದಕ್ಕೆ ಕಿವಿಗೊಟ್ಟನು. ಐದು ದಿನಗಳ ಅನಂತರ ಅದೇ ಗೋಳದಲ್ಲಿ 1,426 ಅಡಿಗಳವರೆಗೆ ಇಳಿದು ಬಂದನು.

ಇಳಿಯುವಾಗ ಬೆಳಕು ಬದಲಾಗುತ್ತಿದ್ದ ಬಗೆಯನ್ನು ಅವನಷ್ಟು ಎಚ್ಚರದಿಂದ ಮೊದಲು ಗಮನಿಸಿದವರಿಲ್ಲ. ನೀರು ಬಿಳಿಯ ಬೆಳಕಿನಿಂದ ಕೆಂಪನ್ನು ಮೊದಲು ಹೀರಿಬಿಡುತ್ತದೆ. ಅನಂತರ ಕಿತ್ತಳೆ, ಹಳದಿ, ಹಸುರು ಒಂದರ ಹಿಂದೊಂದು ಮಾಯವಾಗುತ್ತವೆ. ಕೆಂಪು ಸೀಗಡಿಯ ಬಣ್ಣದ ಚಿತ್ರವೊಂದನ್ನು ಅವನು ಜೊತೆಗೆ ಒಯ್ದಿದ್ದನು. ಆಳದಲ್ಲಿ ಅದನ್ನು ತೆರೆದು ನೋಡಿದಾಗ ಸೀಗಡಿ ಕಪ್ಪಾಗಿತ್ತು. ಆಳದ ಅನೇಕ ಪ್ರಾಣಿಗಳು ಕೆಂಪಾಗಿರುವುದರ ಮರ್ಮ ಇದು: ಅಲ್ಲಿ ಕೆಂಪೆಂದರೆ ಮರೆಯಾಗುವ ಬಣ್ಣ. ಕೊನೆಗೆ ಉಳಿಯುತ್ತಿದ್ದ ನೀಲಿಗೆ ಯಾವ ಹೆಸರನ್ನು ಕೊಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅದು ಕತ್ತಲೆಯೆಂದು ಬುದ್ಧಿ ಹೇಳುತ್ತಿದ್ದರೂ ಕಣ್ಣು ಅದನ್ನು ಉಜ್ಜ್ವಲವಾದ ಬೆಳಕೆಂದೇ ಕಾಣುತ್ತಿತ್ತು. ಅದೂ ಕಳೆದ ಮೇಲೆ ನಿಜವಾದ ಕತ್ತಲೆ; ಆ ಕತ್ತಲೆಯಲ್ಲಿ ತಮ್ಮ ದೀಪಗಳನ್ನು ತಾವೇ ಹೊತ್ತು ತಿರುಗುವ ಮೀನುಗಳು.

ಕಡಲು ಅವನನ್ನು ಸುಮ್ಮನೆ ಬಿಡಲಿಲ್ಲ. 1932ರಲ್ಲಿ ಹೊಸ ಕಿಟಕಿಯನ್ನು ಪರೀಕ್ಷಿಸಲು ಬರಿಯ ಗೋಳವನ್ನು ಆಳಕ್ಕಿಳಿಸಿ ಮೇಲೆತ್ತಿದಾಗ ಅದರೊಳಗೆ ನೀರು ತುಂಬಿಕೊಂಡಿತ್ತು. ಆಳದ ಅಗಾಧ ಒತ್ತಡವೂ ಆ ನೀರಿನೊಡನೆ ಒಳಗೆ ಸೆರೆಯಾಗಿತ್ತು. ಎಲ್ಲರನ್ನೂ ದೂರ ಸರಿಸಿ ಬೀಬಿಯು ಬಾಗಿಲ ನಡುವಿನ ಬೋಲ್ಟನ್ನು ಮೆಲ್ಲಗೆ ಸಡಿಲಿಸತೊಡಗಿದನು. ಒಮ್ಮೆಲೇ ಅದು ಅವನ ಕೈಯಿಂದ ಸಿಡಿದು ಫಿರಂಗಿಯ ಗುಂಡಿನಂತೆ ಹಡಗಿನ ಅಟ್ಟದುದ್ದಕ್ಕೂ ಹಾರಿತು. ಅದರ ಹಿಂದೆಯೇ ನೀರಿನ ಧಾರೆ ಭೋರೆಂದು ಚಿಮ್ಮಿತು. ಅದರ ದಾರಿಯಲ್ಲಿ ಯಾರಾದರೂ ನಿಂತಿದ್ದರೆ ಬದುಕುವಂತಿರಲಿಲ್ಲ. ಆ ಗೋಳದೊಳಗೆ ಮನುಷ್ಯರು ಇದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಅಲ್ಲಿದ್ದವರೆಲ್ಲರೂ ಕಣ್ಣಾರೆ ಕಂಡರು. ಅದೇ ಸೆಪ್ಟೆಂಬರ್ 22ರಂದು ಬೀಬಿ ಮತ್ತು ಬಾರ್ಟನ್ ಮತ್ತೆ ಅದರೊಳಗೆ ತೆವಳಿ ಕುಳಿತು 2,200 ಅಡಿ ಇಳಿದರು. ಅಂದು ಅವನ ಮಾತುಗಳು ರೇಡಿಯೋ ಮೂಲಕ ಪ್ರಸಾರವಾದವು. ಮನೆಮನೆಗಳಲ್ಲಿ ಕುಳಿತ ಜನರು ಕಡಲಿನ ಹೊಟ್ಟೆಯಿಂದ ಬರುತ್ತಿದ್ದ ಧ್ವನಿಯನ್ನು ಉಸಿರು ಬಿಗಿಹಿಡಿದು ಕೇಳಿದರು. ಒಳಗೆ ಮಾತ್ರ ಗೋಳವು ಅಲೆಗಳಿಗೆ ಸಿಕ್ಕಿ ಹೊಯ್ದಾಡಿ, ಬಾರ್ಟನ್ ವಾಂತಿಯಿಂದ ಬಳಲುತ್ತಿದ್ದನು.

1934ರ ಆಗಸ್ಟ್ 15ರಂದು ಅವರಿಬ್ಬರೂ 3,028 ಅಡಿಗಳನ್ನು, ಎಂದರೆ 923 ಮೀಟರುಗಳ ಆಳವನ್ನು ಮುಟ್ಟಿದರು. ಅಲ್ಲಿ ಒಂದೊಂದು ಚದರ ಅಂಗುಲದ ಮೇಲೂ 1,300 ಪೌಂಡಿಗಿಂತ ಹೆಚ್ಚಿನ ಒತ್ತಡ. ಮೇಲೆ ಹಗ್ಗದ ಉರುಳೆಯಲ್ಲಿ ಕೆಲವೇ ಸುತ್ತುಗಳು ಉಳಿದಿದ್ದವು. ಆ ದಾಖಲೆಯನ್ನು 15 ವರ್ಷಗಳವರೆಗೆ ಯಾರೂ ಮೀರಲಿಲ್ಲ. 1949ರಲ್ಲಿ ಅದನ್ನು ಮುರಿದವನು ಬಾರ್ಟನ್ನನೇ. ಅಷ್ಟು ಇಕ್ಕಟ್ಟಿನಲ್ಲಿ ಮೊಣಕಾಲಿಗೆ ಮೊಣಕಾಲು ತಗುಲಿಸಿಕೊಂಡು ಪ್ರಾಣವನ್ನು ಪಣಕ್ಕೊಡ್ಡಿದ ಈ ಇಬ್ಬರು ಗೆಳೆಯರಾಗಿ ಉಳಿಯಲಿಲ್ಲವೆಂಬುದು ವಿಷಾದದ ಸಂಗತಿ. ಗೋಳವನ್ನು ಮಾಡಿಸಿದವನು ತಾನಾದರೂ ಕೀರ್ತಿಯೆಲ್ಲ ಬೀಬಿಗೆ ಹೋಯಿತೆಂಬ ಕೊರಗು ಬಾರ್ಟನ್ನನಿಗಿತ್ತು. ಆ ಕೊರಗು ತೀರ ನಿರಾಧಾರವೂ ಆಗಿರಲಿಲ್ಲ.

ಬೀಬಿಗೂ ನೋವು ತಪ್ಪಲಿಲ್ಲ. ಗೋಳದ ಕಿಟಕಿಯಿಂದ ಅವನು ಕಂಡ ಮೀನುಗಳಲ್ಲಿ ಕೆಲವು ಯಾವ ಗ್ರಂಥದಲ್ಲಿಯೂ ಇಲ್ಲದವು. ಅವನು ಮೇಲೆ ಬಂದು ವರ್ಣಿಸಿದಂತೆ ಎಲ್ಸ್ ಬೋಸ್ಟಲ್‌ಮನ್ ಎಂಬ ಕಲಾವಿದೆ ಅವುಗಳ ಚಿತ್ರಗಳನ್ನು ಬರೆದಳು. ಈಕೆಯೂ ಶಿರಸ್ತ್ರಾಣ ತೊಟ್ಟು ಕಡಲಿಗಿಳಿದು, ನೀರಿನಡಿಯಲ್ಲಿಯೇ ಎಣ್ಣೆಬಣ್ಣದ ಚಿತ್ರ ಬರೆದ ಧೀರೆ. ಆ ಮೀನುಗಳಿಗೆ ಬೀಬಿಯು ಶಾಸ್ತ್ರೀಯ ನಾಮಕರಣವನ್ನೂ ಮಾಡಿದನು. ಆಗ ಮೀನುಶಾಸ್ತ್ರಜ್ಞರಲ್ಲಿ ಕೆಲವರು ಆಕ್ಷೇಪವೆತ್ತಿದರು. ಕೈಗೆ ಸಿಗದ, ಅಳೆಯಲಾಗದ, ಒಬ್ಬನೇ ಕೆಲವು ಕ್ಷಣ ಕಂಡ ಜೀವಿಗೆ ಹೆಸರಿಡುವುದು ಶಾಸ್ತ್ರವೇ ಎಂದು ಅವರ ಪ್ರಶ್ನೆ. ಉಸಿರು ತಾಗಿ ಮಂಜಾದ ಕಿಟಕಿಯಲ್ಲಿ ಎರಡು ದೀಪಗಳು ಒಂದಾಗಿ ಕಂಡಿರಬಾರದೇಕೆ ಎಂದೂ ಅನುಮಾನಿಸಿದರು. ಪ್ರಶ್ನೆ ನ್ಯಾಯವಾದುದೇ. ಬೀಬಿಯ ಬಳಿ ತನ್ನ ಮಾತಿನ ಹೊರತು ಬೇರೆ ಸಾಕ್ಷ್ಯವಿರಲಿಲ್ಲ. ಅವನು ಅಲ್ಲಿ ಕಂಡೆನೆಂದು ಹೇಳಿದ ಅನೇಕ ಸಂಗತಿಗಳು, ದೀಪ ಹೊತ್ತ ಮೀನುಗಳ ಹೇರಳ ಸಂಖ್ಯೆ ಮೊದಲಾದುವು, ಮುಂದೆ ಆಳಕ್ಕಿಳಿದವರ ಕಣ್ಣಿಗೂ ಬಿದ್ದವು. ಅವನು ಹೆಸರಿಟ್ಟ ಆ ಕೆಲವು ಮೀನುಗಳು ಮಾತ್ರ ಮತ್ತೆ ಯಾರಿಗೂ ಖಚಿತವಾಗಿ ದೊರೆಯಲಿಲ್ಲ.

ದಾಖಲೆಯ ಗೀಳು ಅವನಿಗಿರಲಿಲ್ಲ. 1934ರ ಬಳಿಕ ಗೋಳದ ಸಾಹಸಗಳನ್ನು ನಿಲ್ಲಿಸಿ, ಮತ್ತೆ ಶಿರಸ್ತ್ರಾಣ, ಬಲೆ, ಸೂಕ್ಷ್ಮದರ್ಶಕಗಳ ಬಳಿಗೆ ಹಿಂದಿರುಗಿದನು. ಕಿರಿಯ ಲೇಖಕರನ್ನೂ ವಿಜ್ಞಾನಿಗಳನ್ನೂ ಹುಡುಕಿ ಬೆನ್ನುತಟ್ಟಿದನು. ಅವರಲ್ಲಿ ರೇಚಲ್ ಕಾರ್ಸನ್ ಒಬ್ಬಳು. ಆಕೆ ಸಮುದ್ರವನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಬರೆಯುತ್ತಿದ್ದಾಗ, ಒಮ್ಮೆಯಾದರೂ ನೀರಿನೊಳಗೆ ತಲೆಯಿಟ್ಟು ನೋಡದೆ ಅದನ್ನು ಮುಗಿಸಬಾರದೆಂದು ಬೀಬಿಯು ಹಟ ಹಿಡಿದನು. 1949ರ ಬೇಸಿಗೆಯಲ್ಲಿ ಆಕೆ ಫ್ಲಾರಿಡಾದ ಕಡಲಿನಲ್ಲಿ ಶಿರಸ್ತ್ರಾಣ ತೊಟ್ಟು ಇಳಿದಳು. ಅಂದು ಹವೆ ಕೆಟ್ಟಿತ್ತು, ನೀರು ಕದಡಿತ್ತು. ಕೆಲವೇ ಅಡಿಗಳ ಆಳದಲ್ಲಿ ಏಣಿಯನ್ನು ಹಿಡಿದು ನಿಂತು ನೋಡಿ ಬಂದಳು. ಅಷ್ಟಾದರೂ ಆ ಸ್ವಲ್ಪ ಹೊತ್ತು ತನ್ನ ಪಾಲಿಗೆ ಅಮೂಲ್ಯವೆಂದು ಆಕೆ ಭಾವಿಸಿದಳು. ಎರಡು ವರ್ಷಗಳ ಅನಂತರ ಹೊರಬಂದ ಆಕೆಯ ಗ್ರಂಥ ಲೋಕಪ್ರಸಿದ್ಧವಾಯಿತು.

ಮುಪ್ಪಿನಲ್ಲಿ ಬೀಬಿಯು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದ ಕಣಿವೆಯೊಂದರಲ್ಲಿ ಮನೆಯನ್ನೂ ಸುತ್ತಲಿನ ಕಾಡನ್ನೂ ಕೊಂಡು, ಅಲ್ಲಿ ಸಂಶೋಧನಾಲಯವೊಂದನ್ನು ಸ್ಥಾಪಿಸಿ, ಅದನ್ನು ತಾನು ದುಡಿದ ಪ್ರಾಣಿಶಾಸ್ತ್ರ ಸಂಘಕ್ಕೆ ಅತ್ಯಲ್ಪ ಬೆಲೆಗೆ ಬಿಟ್ಟುಕೊಟ್ಟನು. ಆ ಸ್ಥಳದ ಹೆಸರು ಸಿಮ್ಲಾ. ನಮ್ಮ ಹಿಮಾಲಯದ ಗಿರಿಧಾಮದ ಹೆಸರೇ ಅದಕ್ಕೂ. ಹಿಂದೆ ಫೆಸೆಂಟ್ ಹಕ್ಕಿಗಳನ್ನು ಅರಸಿ ಹಿಮಾಲಯದಲ್ಲಿ ಅಲೆದಿದ್ದವನು ತನ್ನ ಕೊನೆಯ ವರ್ಷಗಳನ್ನು ಆ ಹೆಸರಿನ ನೆರಳಿನಲ್ಲಿಯೇ ಕಳೆದನು. ಕಾಲು ಸೋತು, ಮಾತು ತೊದಲತೊಡಗಿದ ಮೇಲೂ ಬೆಳಗ್ಗೆ ಎದ್ದು ಚಿಟ್ಟೆಗಳನ್ನೂ ಹಕ್ಕಿಗಳ ಗೂಡುಗಳನ್ನೂ ನೋಡುವ ಅಭ್ಯಾಸವನ್ನು ಅವನು ಬಿಡಲಿಲ್ಲ. 1962ನೆಯ ಇಸವಿ ಜೂನ್ 4ರಂದು, ತನ್ನ 84ನೆಯ ವಯಸ್ಸಿನಲ್ಲಿ, ಬೀಬಿಯು ಅಲ್ಲಿಯೇ ತೀರಿಕೊಂಡನು. ಅವನ ಅನಂತರ ಆ ಸಂಶೋಧನಾಲಯದ ಹೊಣೆಯನ್ನು ಹೊತ್ತವಳು, ಬರ್ಮುಡಾದ ದಿನಗಳಿಂದಲೂ ಅವನೊಡನೆ ದುಡಿದಿದ್ದ ಜೋಸೆಲಿನ್ ಕ್ರೇನ್.